ಭಂಡಾರದ ಮೇಲೆ ಹಾಕಿದ ತಪ್ಪು

ಕುಪವಾಡದ ಕಾರ್ಖಾನೆಗಳ ಸಾಲು ಮುಗಿಯುವಲ್ಲಿ ಶಿದ್ರಾಮನ ಶೆಡ್ಡು ಇತ್ತು. ತಗಡಿನ ಮಾಡು, ಒಂದು ಲೇತು, ಒಂದು ಕುಲುಮೆ, ಗೋಡೆಯ ಮೇಲೆ ಹೆಂಡತಿ ಸಾವಂತ್ರವ್ವನ ಫೋಟೋ. ಆಕೆ ತೀರಿಕೊಂಡು ವರ್ಷ ತುಂಬಿತ್ತು. ಬುಲೆಟ್ಟಿನ ಎಂಜಿನ್ನು ಬಿಚ್ಚಿ ಅದರ ಹೆಡ್ ಕೊರೆದು ಓಟಕ್ಕೆ ತಯಾರು ಮಾಡುವುದರಲ್ಲಿ ಶಿದ್ರಾಮನನ್ನು ಸರಿಗಟ್ಟುವವರು ಸಾಂಗ್ಲಿ-ಮಿರಜದಲ್ಲಿ ಯಾರೂ ಇಲ್ಲ ಎಂದು ಮಂದಿ ಹೇಳುತ್ತಿದ್ದರು. ಮಂದಿ ಹೇಳಿ ಹೇಳಿ ಅವನೂ ಅದನ್ನು ನಂಬಿದ್ದ.

ಎಂಜಿನ್ನಿನ ನೆತ್ತಿಯ ಮೇಲೆ ಕೂತ ಅಲ್ಯುಮಿನಿಯಮ್ ಗಟ್ಟಿಯೇ ಹೆಡ್. ಅದರೊಳಗೆ ಕಾರ್ಬುರೇಟರಿನಿಂದ ವಾಲ್ವಿನ ತನಕ ಬಾಗಿದ ಒಂದು ದಾರಿ ಇರುತ್ತದೆ. ಗಾಳಿ ಪೆಟ್ರೋಲಿನ ತೇವವನ್ನು ಹೊತ್ತುಕೊಂಡು ಆ ದಾರಿಯಿಂದ ಒಳಗೆ ಇಳಿಯಬೇಕು. ಎಷ್ಟು ಗಾಳಿ ಒಳಗೆ ಹೋಯಿತೋ ಅಷ್ಟು ಹಾರ್ಸ್‌ಪವರ್ ಹೊರಗೆ ಬರುತ್ತದೆ. ಕಂಪನಿಯವರು ಅಚ್ಚಿನಿಂದ ತೆಗೆದ ದಾರಿ ಒರಟಾಗಿರುತ್ತದೆ, ಅಲ್ಲಲ್ಲಿ ಗಂಟು, ಅಂಚು. ಅದನ್ನು ಕೊರೆದು, ಅರದಿಂದ ಉಜ್ಜಿ, ಗಾಳಿ ಸಲೀಸಾಗಿ ಜಾರುವಂತೆ ಮಾಡುವುದೇ ಶಿದ್ರಾಮನ ಕಸುಬು.

ದಾರಿ ಎಷ್ಟು ಸಲೀಸಾಯಿತು ಎಂದು ನೋಡಲು ಅವನೇ ಒಂದು ಉಪಾಯ ಮಾಡಿಕೊಂಡಿದ್ದ. ಕುಲುಮೆಯ ಬ್ಲೋವರಿನ ಗಾಳಿ ಎಳೆಯುವ ಬಾಯಿಗೆ ಹೆಡ್ಡನ್ನು ಕೂಡಿಸುವುದು. ನಡುವೆ ಒಂದು ತೂತು ಮಾಡಿ ಬಗ್ಗಿಸಿದ ಗಾಜಿನ ನಳಿಗೆ ಜೋಡಿಸಿ, ಅದರಲ್ಲಿ ಕುಂಕುಮ ಕದಡಿದ ನೀರು ಹಾಕುವುದು. ಬ್ಲೋವರು ತಿರುಗಿದಾಗ ನೀರು ಹೆಚ್ಚು ಏರಿದರೆ ದಾರಿ ಬಿಗಿ ಇದೆ ಎಂದು ಅರ್ಥ. ಕಡಿಮೆ ಏರಿದರೆ ಗಾಳಿ ಸಲೀಸಾಗಿ ಹೋಗುತ್ತಿದೆ ಎಂದು ಅರ್ಥ. ಅದಕ್ಕಿಂತ ಹೆಚ್ಚಿನ ಶಾಸ್ತ್ರ ಅವನಿಗೆ ತಿಳಿಯದು. ಇಷ್ಟರಿಂದಲೇ ಅವನ ಹೆಸರು ಕೊಲ್ಲಾಪುರದವರೆಗೂ ಮುಟ್ಟಿತ್ತು.

ಆ ವರ್ಷ ಸಹಕಾರಿ ಸಕ್ಕರೆ ಕಾರ್ಖಾನೆಯ ಬೆಳ್ಳಿಹಬ್ಬ. ಕೀರ್ತನೆ, ಕುಸ್ತಿ, ಎತ್ತುಗಳ ಪ್ರದರ್ಶನ ಎಲ್ಲವೂ ಇದ್ದವು. ಕಾರ್ಖಾನೆಯ ಸಂಚಾಲಕರಲ್ಲಿ ಒಬ್ಬರಾದ ಬಾಪೂಸಾಹೇಬರಿಗೆ ಮೋಟರಸೈಕಲ್ಲಿನ ಹುಚ್ಚು. ಅವರು ಹಟ ಹಿಡಿದು ವಿಮಾನ ಇಳಿಯುತ್ತಿದ್ದ ಹಳೆಯ ಪಟ್ಟಿಯ ಮೇಲೆ ನೇರ ಓಟ ಇಡಿಸಿದರು. ಎರಡೆರಡು ಗಾಡಿ ಜೋಡಿಯಾಗಿ ನಿಲ್ಲಬೇಕು, ಬಾವುಟ ಬಿದ್ದೊಡನೆ ಬಿಡಬೇಕು, ಕಾಲು ಮೈಲಿಯಾಚೆಯ ಸುಣ್ಣದ ಗೆರೆಯನ್ನು ಮೊದಲು ದಾಟಿದವನು ಗೆದ್ದ. ಬಾಪೂಸಾಹೇಬರು ತಮ್ಮ ಬುಲೆಟ್ಟನ್ನು ಶಿದ್ರಾಮನ ಶೆಡ್ಡಿಗೆ ತಂದು ನಿಲ್ಲಿಸಿದರು. ಓಡಿಸುವವನು ಶಿದ್ರಾಮನ ಮಗ ದಿಲೀಪ. ಕುಪವಾಡದ ಒಂದು ಕಾರ್ಖಾನೆಯಲ್ಲಿ ಟರ್ನರ್ ಕೆಲಸ ಮಾಡುತ್ತಿದ್ದ ಹುಡುಗ, ಹಗುರ ಮೈ, ಗಟ್ಟಿ ಎದೆ.

ಶಿದ್ರಾಮ ಹೆಡ್ಡನ್ನು ಚೆನ್ನಾಗಿಯೇ ಕೊರೆದ. ಕುಂಕುಮದ ನೀರು ಹಿಂದೆಂದೂ ಇಷ್ಟು ಕೆಳಗೆ ನಿಂತಿರಲಿಲ್ಲ. ಅಲ್ಲಿಗೆ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಓಟಕ್ಕೆ ಕೆಲವು ದಿನ ಇರುವಾಗ ಬಿಡಿಭಾಗ ಮಾರುವ ಗುರಲಿಂಗ ಬಂದು ಚಹಾ ಕುಡಿಯುತ್ತ ಹೇಳಿದ, "ಶಿದ್ರಾಮಣ್ಣ, ಓಟಕ್ಕ ಬರೂ ಕೊಲ್ಲಾಪುರದಾಂವ ತನ್ನ ಹೆಡ್ ಎಷ್ಟು ಕೊರದಾನ ಗೊತ್ತೈತೇನು? ಹೆಬ್ಬೆಟ್ಟು ಹಾಕಿದ್ರ ಹೆಬ್ಬೆಟ್ಟ ಹೋಗತೈತಂತ. ನಿಂದು ನೋಡಿದ್ರ ಇಲಿ ಬಿಲ ಆಗೇತಿ."

"ಇಲಿ ಬಿಲಾನೋ, ಹುಲಿ ಗವಿನೋ, ಓಟದ ದಿನ ನೋಡು" ಎಂದು ಶಿದ್ರಾಮ ನಕ್ಕ. ಆದರೆ ಗುರಲಿಂಗ ಹೋದಮೇಲೆ ಆ ಮಾತು ಮೈಗೆ ಹತ್ತಿದ ತುರಿಕೆಯಂತೆ ಕಾಡಿತು. ಹೆಡ್ಡನ್ನು ಮತ್ತೆ ಬಿಚ್ಚಿದ. ವಾಲ್ವಿನ ಹತ್ತಿರ ದಾರಿ ತಿರುಗುವಲ್ಲಿ, ತಿರುವಿನ ಒಳಮಗ್ಗುಲನ್ನು ಇನ್ನಷ್ಟು ಕೊರೆದು ಅಗಲ ಮಾಡಿದ. ಹೆಬ್ಬೆಟ್ಟು ಹಾಕಿ ನೋಡಿದ, ಹೋಯಿತು. ಬ್ಲೋವರಿಗೆ ಕೂಡಿಸಿ ನೋಡಿದ. ನೀರು ಮೇಲೆ ಏರಿ ನಿಂತಿತು.

ಏರಬಾರದಿತ್ತು. ದಾರಿ ಅಗಲವಾದ ಮೇಲೆ ನೀರು ಇಳಿಯಬೇಕಿತ್ತು. ಶಿದ್ರಾಮ ನಳಿಗೆಯನ್ನೇ ನೋಡುತ್ತ ಕೂತ. ಆಮೇಲೆ, ಇವತ್ತು ಕರೆಂಟು ಸರಿಯಿಲ್ಲ, ಬ್ಲೋವರು ಹಟ ಮಾಡುತ್ತಿದೆ ಎಂದು ತನಗೆ ತಾನೇ ಹೇಳಿಕೊಂಡ. ತೆಗೆದ ಲೋಹವನ್ನು ಬೆಸುಗೆ ಹಾಕಿಸಿ ಮತ್ತೆ ತುಂಬಿಸಬಹುದಿತ್ತು; ಅಲ್ಯುಮಿನಿಯಮ್ ಬೆಸೆಯುವವರು ಇದ್ದದ್ದು ಕೊಲ್ಲಾಪುರದಲ್ಲಿ, ಅಲ್ಲಿಗೇ ಹೋಗಬೇಕು, ನನ್ನ ಕೈ ತಪ್ಪಿತು ಎಂದು ಅಲ್ಲಿಯವರ ಮುಂದೆ ಹೇಳಬೇಕು. ಅವನು ಹೆಡ್ಡನ್ನು ಹಾಗೆಯೇ ಕೂಡಿಸಿದ.

ಓಟದ ದಿನ ಮುಂಜಾನೆ, ಮಂದಿ ಇಲ್ಲದಾಗ, ದಿಲೀಪ ಪಟ್ಟಿಯ ಮೇಲೆ ಒಂದು ಸಲ ಓಡಿಸಿ ನೋಡಿ ಬಂದ.

"ಅಪ್ಪಾ, ಗಾಡಿ ಜಗ್ಗವಲ್ದು. ಮೊದಲಿನ ಜೋರ ಇಲ್ಲ. ಬಿಡೂ ಹೊತ್ತಿನಾಗ ಉಸಿರ ಕಟ್ಟಿದಂಗ ಮಾಡತೈತಿ."

"ಥಂಡಿ ಐತೆಲ್ಲ, ಅದಕ್ಕ. ಬಿಸಲ ಬಿದ್ದ ಮ್ಯಾಲ ನೋಡು, ಹಾವಿನಂಗ ಹರೀತೈತಿ."

"ಖರೇನ?"

"ನನಗ ಕಲಸ್ತೀಯೇನಲೇ?"

ದಿಲೀಪ ಗಾಡಿಯನ್ನು ನೆರಳಿಗೆ ತಳ್ಳಿಕೊಂಡು ಹೋದ. ಶಿದ್ರಾಮನಿಗೆ ಆಗಲೇ ತಿಳಿದಿತ್ತು. ತಿಳಿದದ್ದನ್ನು ಬಾಯಿಗೆ ತರಲು ಆಗಲಿಲ್ಲ, ಅಷ್ಟೇ.

ಶ್ರಾವಣ ಕಳೆದು ಮಳೆ ಬಿಡುವು ಕೊಟ್ಟ ದಿನ ಅದು. ಮಧ್ಯಾಹ್ನದ ಹೊತ್ತಿಗೆ ಪಟ್ಟಿಯ ಎರಡೂ ಮಗ್ಗುಲಿಗೆ ಜನ ಕಿಕ್ಕಿರಿದರು. ಶಿದ್ರಾಮನ ಮಾವ ಜ್ಯೋತೆಪ್ಪ ಖಂಡೇರಾಜುರಿಯಿಂದ ಮೊಮ್ಮಗನ ಓಟ ನೋಡಲು ಬಂದಿದ್ದ. ಎಂಬತ್ತರ ಹತ್ತಿರದ ಕುರಿಗಾರ, ಹೆಗಲ ಮೇಲೆ ಕಂಬಳಿ, ಹಳದಿ ರುಮಾಲು, ಸೊಂಟದಲ್ಲಿ ಭಂಡಾರದ ಚೀಲ. ಭಂಡಾರವೆಂದರೆ ಕುರಿಗಾರರ ದೇವರು ಬೀರಪ್ಪನ ಪಾದಕ್ಕೆ ಮುಟ್ಟಿಸಿದ ಅರಿಶಿಣದ ಪುಡಿ. ಸಾವಂತ್ರವ್ವ ಇದ್ದಾಗ ಶೆಡ್ಡಿನಿಂದ ಹೊರಡುವ ಪ್ರತಿಯೊಂದು ಗಾಡಿಗೂ ಅದನ್ನು ಹಚ್ಚಿ ಕಳಿಸುತ್ತಿದ್ದಳು. ಮಗಳು ಹೋದಮೇಲೆ ಅದು ತನ್ನ ಕೆಲಸವೆಂದು ಮುದುಕ ತಿಳಿದುಕೊಂಡಿದ್ದ.

"ಅಳ್ಯಾರ, ಸಾವಂತ್ರಿ ಇದ್ದಿದ್ರ ಅಕೀನ ಹಚ್ಚತಿದ್ಲು. ಅಕೀ ಹೆಸರಲೆ ನಾ ಹಾಕಲೇನ್ರಿ?"

ಹೆಚ್ಚು ಗಾಳಿ ಸಿಗಲೆಂದು ಶಿದ್ರಾಮ ಫಿಲ್ಟರಿನ ಡಬ್ಬಿ ತೆಗೆದಿದ್ದ. ಕಾರ್ಬುರೇಟರಿನ ಬಾಯಿ ಬಯಲಾಗಿತ್ತು. ಟ್ಯಾಂಕಿಗೆ ಅಷ್ಟೇ ಹಚ್ಚಿರಿ, ಪುಡಿ ತೂರಬೇಡಿರಿ ಎಂದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಯಾಕೆ ಹೇಳಲಿಲ್ಲವೆಂದು ಆಮೇಲೆ ಬಹಳ ಸಲ ತನ್ನನ್ನೇ ಕೇಳಿಕೊಂಡ.

"ಹಾಕ್ರಿ ಮಾವಾರ" ಎಂದ.

ಕೊಲ್ಲಾಪುರದವನೂ ದಿಲೀಪನೂ ಗೆರೆಗೆ ಬಂದು ನಿಂತರು. ಎರಡೂ ಎಂಜಿನ್ನುಗಳು ಗುಡುಗುತ್ತಿದ್ದವು. ಬಾವುಟ ಮೇಲೇರಿದಾಗ ಜ್ಯೋತೆಪ್ಪ ಬೊಗಸೆ ತುಂಬ ಭಂಡಾರ ತೆಗೆದು, "ಬೀರಪ್ಪನ ಹೆಸರಲೆ ಚಾಂಗಭಲ!" ಎಂದು ಜಯಕಾರ ಕೂಗಿ ಗಾಡಿಯ ಮೇಲೆ ತೂರಿದ. ಹಳದಿ ಮೋಡವೆದ್ದಿತು. ಬಾವುಟ ಬಿತ್ತು. ದಿಲೀಪನ ಗಾಡಿ ಒಮ್ಮೆ ಕೆಮ್ಮಿತು, ಮುಂದೆ ಹಾರಿತು, ಆಮೇಲೆ ದಾರಿಯುದ್ದಕ್ಕೂ ಎದೆ ಬಿಗಿಹಿಡಿದವರಂತೆ ಓಡಿತು. ಕೊಲ್ಲಾಪುರದವನು ಗೆರೆ ದಾಟಿ ಬ್ರೇಕ್ ಹಾಕುವಾಗ ದಿಲೀಪ ಇನ್ನೂ ಬಹಳ ಹಿಂದಿದ್ದ.

"ಗಾಡಿಗೆ ಅರಿಶಿಣ ಹಚ್ಚಿ ಮದಿವಿ ಮಾಡ್ಯಾರಲೇ!" ಎಂದು ಯಾರೋ ಕೂಗಿದರು. "ಮದುಮಗಳು ನಾಚಿಗೊಂಡ ನಡೀತು ನೋಡ್ರಿ!" ಎಂದು ಇನ್ನೊಬ್ಬರು. ಪಟ್ಟಿಯೆಲ್ಲ ನಗೆಯಾಯಿತು.

ಬಾಪೂಸಾಹೇಬರು ಕೆಂಪಗೆ ಮುಖ ಮಾಡಿಕೊಂಡು ಬಂದು ಮರಾಠಿಯಲ್ಲಿ ಕೇಳಿದರು, "ಶಿದ್ರಾಮ, ಇದೇನಿದು? ಏನಾಯಿತು ಗಾಡಿಗೆ?"

ಸುತ್ತ ಜನ ಕಿವಿಗೊಟ್ಟು ನಿಂತಿದ್ದರು. ಗುರಲಿಂಗನೂ ಇದ್ದ. ಶಿದ್ರಾಮ ಯೋಚಿಸುವ ಮೊದಲೇ ಅವನ ನಾಲಿಗೆ ಹೊರಟಿತು.

"ಭಂಡಾರ ಹೊಕ್ಕಿತ್ರಿ ಸಾಹೇಬರ. ಕಾರ್ಬುರೇಟರಿನಾಗ ಅರಿಶಿಣ ತೂರಿದ್ರ ಎಂಜಿನ್ ಏನ್ ಮಾಡೀತು? ನನ್ನ ಕೆಲಸದಾಗ ಕಸರ ಇರಲಿಲ್ಲ."

ಎಲ್ಲರ ಕಣ್ಣೂ ಮುದುಕನ ಕಡೆ ತಿರುಗಿದವು. ಜ್ಯೋತೆಪ್ಪ ಹಳದಿಯಾದ ತನ್ನ ಎರಡೂ ಅಂಗೈ ನೋಡಿಕೊಂಡ. ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಬಾಪೂಸಾಹೇಬರ ಮುಂದೆ ಬಗ್ಗಿ ನಿಂತ.

"ನಾ ಹಳ್ಳಿ ಮನಶ್ಯಾ ಅದೀನ್ರಿ ಧಣಿ. ಗೊತ್ತಾಗಲಿಲ್ಲ. ಹುಡುಗನ ಮ್ಯಾಲ ಸಿಟ್ಟ ಮಾಡಬ್ಯಾಡ್ರಿ."

ಬೋಳುತಲೆಯ ಮುದುಕ ಅಷ್ಟು ಜನರ ನಡುವೆ ಬಗ್ಗಿ ನಿಂತಿದ್ದನ್ನು ಶಿದ್ರಾಮ ನೋಡಿದ. ಅಲ್ಲರಿ, ತಪ್ಪು ನನ್ನದು ಎನ್ನಲು ಅದೇ ಹೊತ್ತಾಗಿತ್ತು. ಹೊತ್ತು ಕಳೆದುಹೋಯಿತು. ಜ್ಯೋತೆಪ್ಪ ಉಣ್ಣದೆಯೇ ಎಸ್.ಟಿ. ಬಸ್ಸು ಹಿಡಿದು ಊರಿಗೆ ಹೋದ.

ಮರುದಿನ ಶಿದ್ರಾಮ ಒಬ್ಬನೇ ಹೆಡ್ ಬಿಚ್ಚಿದ. ಎಂಜಿನ್ನು ಎಳೆದುಕೊಂಡ ಪುಡಿಯಲ್ಲಿ ಬಹಳಷ್ಟು ಸುಟ್ಟು ಹೊರಗೆ ಹೋಗಿತ್ತು. ಉಳಿದದ್ದು ಪೆಟ್ರೋಲಿನ ತೇವಕ್ಕೆ ಅಂಟಿತ್ತು. ತಿರುವಿನ ಹೊರಮಗ್ಗುಲಿಗೆ ಒಂದು ಕಣವೂ ನಿಂತಿರಲಿಲ್ಲ. ಗಾಳಿ ಅಲ್ಲಿ ಜೋರಾಗಿ ಹಾದು ಎಲ್ಲವನ್ನೂ ಒರೆಸಿಕೊಂಡು ಹೋಗಿತ್ತು. ತಿರುವಿನ ಒಳಮಗ್ಗುಲಲ್ಲಿ ಮಾತ್ರ, ಅವನು ಆಮೇಲೆ ಕೊರೆದ ಜಾಗದಲ್ಲಿಯೇ, ಅರಿಶಿಣ ದಪ್ಪ ಲೇಪವಾಗಿ ಕೂತಿತ್ತು. ಗಾಳಿ ಅಲ್ಲಿ ಹರಿದಿರಲಿಲ್ಲ. ಅಂಚಿನಿಂದ ಜಾರಿ ದೂರ ಹೋಗಿ, ಆ ಮೂಲೆಯಲ್ಲಿ ಸುಮ್ಮನೆ ಸುಳಿದು ನಿಂತಿತ್ತು. ಅಗಲ ಮಾಡಿದ ದಾರಿಯಲ್ಲಿ ಅರ್ಧ ಭಾಗ ಗಾಳಿಯ ಉಪಯೋಗಕ್ಕೇ ಬಂದಿರಲಿಲ್ಲ. ಎಲ್ಲಿ ತಪ್ಪಿತು ಎಂದು ಬೆರಳಿಟ್ಟು ತೋರಿಸಿದಂತೆ ಇತ್ತು ಆ ಹಳದಿ.

ಗುಡಿಯಲ್ಲಿ ನಿಂತಾಗ ದೇವರು ತನ್ನನ್ನೇ ನೋಡುತ್ತಿದ್ದಾನೆ ಎಂದು ಕೆಲವು ಸಲ ಅನಿಸುತ್ತದಲ್ಲ, ಹಾಗೆ ಅನಿಸಿತು ಅವನಿಗೆ. ಬ್ರಶ್ಶು ಪೆಟ್ರೋಲಿನಲ್ಲಿ ಅದ್ದಿ ಗಸಗಸನೆ ತೊಳೆಯತೊಡಗಿದ.

ದಿಲೀಪ ಒಳಗೆ ಬಂದ. "ಏನ್ ಕಂಡತ್ರಿ?"

"ಏನಿಲ್ಲ. ಅರಿಶಿಣ."

ದಿಲೀಪ ಬ್ರಶ್ಶಿನ ಕಡೆ ಒಮ್ಮೆ ನೋಡಿ ಹೊರಟುಹೋದ.

ಎಂಟು ದಿನ ಕಳೆದಿರಬಹುದು. ಅತ್ತೆ ತಂಗೆವ್ವ ಮಿರಜದ ಸಂತೆಗೆ ಬಂದವಳು ಶೆಡ್ಡಿಗೆ ಬಂದು ಬಾಗಿಲಲ್ಲೇ ಕೂತಳು. ನೀರು ಕೊಟ್ಟರೆ ಮುಟ್ಟಲಿಲ್ಲ.

"ನಿಮ್ಮ ಮಾವಾರು ಗುಡಿ ಕಡೆ ಹೋಗವಲ್ರು. ಕುರಿ ಮೇಯಾಕ ದೂರ ಹೊರಡೂ ದಿನ ಬಂತು. ಪ್ರತಿ ವರ್ಷ ಅವರ ಕೈಲೆನ ಕುರಿಗೆ ಭಂಡಾರ ಬೀಳೂದು. ಈ ಸಲ ಒಲ್ಲೆ ಅಂತಾರ. ನನ್ನ ಕೈ ಕೆಟ್ಟೈತಿ, ಮಗಳ ಹೆಸರಲೆ ಹಾಕಿದ್ದು ಮೊಮ್ಮಗನ ದಾರಿಗೆ ಅಡ್ಡ ಬಂತು, ಇನ್ನ ಕುರಿಗೆ ಹಾಕಿ ಏನ್ ಕೇಡ ತರಲಿ ಅಂತಾರ. ಮಂದಿ ಬಂದು ಕೈ ಮುಗದ್ರೂ ಕೇಳವಲ್ರು. ನೀವು ಬಂದು ಒಂದ ಮಾತ ಹೇಳ್ರಿ ಅಳ್ಯಾರ. ನಿಮ್ಮ ಮಾತ ಅಂದ್ರ ಅವರಿಗೆ ಕಿಮ್ಮತ್ತ ಐತಿ."

ಕಿಮ್ಮತ್ತು ಎಂಬ ಮಾತು ಕೇಳಿ ಶಿದ್ರಾಮನಿಗೆ ಭೂಮಿಯೊಳಗೆ ಇಳಿದಂತಾಯಿತು. ಗೋಡೆಯ ಮೇಲಿನ ಫೋಟೋದ ಕಡೆ ನೋಡುವ ಧೈರ್ಯ ಬರಲಿಲ್ಲ. ಅತ್ತೆಯ ಜೊತೆಗೇ ಎಸ್.ಟಿ. ಹತ್ತಿದ.

ಜ್ಯೋತೆಪ್ಪ ಕುರಿಯ ಹಟ್ಟಿಯಲ್ಲಿದ್ದ. ಒಂದು ಮರಿಯ ಕಾಲಿನ ಗೊರಸನ್ನು ಹಿಡಿದು ಮುಳ್ಳು ತೆಗೆಯುತ್ತಿದ್ದ. "ಬರ್ರಿ ಅಳ್ಯಾರ, ಕುಂದ್ರಿ" ಎಂದು ಕಂಬಳಿ ಹಾಸಿದ. ಶಿದ್ರಾಮ ಕೂಡಲಿಲ್ಲ. ನಿಂತೇ ಹೇಳಿದ.

"ಮಾವಾರ, ಭಂಡಾರದಿಂದ ಏನೂ ಆಗಿಲ್ಲ. ಒಮ್ಮಿ ಕೆಮ್ಮಿತು, ಅಷ್ಟ. ಸೋತದ್ದು ನನ್ನ ಕೈಯಿಂದ. ಹೆಚ್ಚ ಕೊರದೆ."

"ಕೊರದ್ರ ಗಾಳಿ ಹೆಚ್ಚ ಹೋಗತೈತಿ ಅಂತಿದ್ರೆಲ್ಲ?"

"ಹಂಗಲ್ರಿ. ಕಾಲಿವಿ ನೋಡೀರೆಲ್ಲ, ತಿರುವಿನಾಗ ಹದ ತಪ್ಪಿ ಅಗಲ ಮಾಡಿದ್ರ ನೀರ ಮೂಲ್ಯಾಗ ನಿಂತು ಪಾಚಿ ಕಟ್ಟತೈತಿ. ಮುಂದ ಹೋಗೂದು ಕಡಿಮಿ ಆಗತೈತಿ. ಗಾಳೀನೂ ಹಂಗ. ನಾ ಅದನ್ನ ಕೆಡಿಸಿದೆ. ಕೆಡಿಸಿ ನಿಮ್ಮ ಮ್ಯಾಲ ಹಾಕಿದೆ."

ಮುದುಕ ಮರಿಯನ್ನು ಕೆಳಗೆ ಬಿಟ್ಟ. ಅದು ಕುಂಟುತ್ತ ತಾಯಿಯ ಕಡೆ ಓಡಿತು.

"ನನ್ನ ಮ್ಯಾಲ ಹಾಕಿದ್ದು ಇರಲಿ. ನಾ ಇವತ್ತೋ ನಾಳೆಯೋ ಹೋಗಾಂವ. ಅಕೀ ಹೆಸರಲೆ ಹಾಕಿದ್ದೆ ನಾ. ಅಕೀ ಮ್ಯಾಲ ಹಾಕಿದಿ ನೀ."

ಮದುವೆಯಾದಂದಿನಿಂದ ಮಾವ ಅವನಿಗೆ 'ನೀ' ಎಂದಿರಲಿಲ್ಲ. ಶಿದ್ರಾಮ ಕೈ ಮುಗಿದ.

"ತಪ್ಪಾತ್ರಿ."

"ತಪ್ಪ ಹೊರಸಿದ್ದು ಎಲ್ಲಿ? ಅಷ್ಟ ಮಂದಿ ಮುಂದ. ಒಪ್ಪಗೊಳ್ಳೂದು ಎಲ್ಲಿ? ಕುರಿ ಮುಂದ. ಕುರಿ ಏನ್ ಸಾಕ್ಷಿ ಹೇಳತಾವೇನೋ?"

ಶಿದ್ರಾಮ ಮುಗಿದ ಕೈ ಇಳಿಸಿ ಕಂಬಳಿಯ ಮೇಲೆ ಕೂತ. ತಂಗೆವ್ವ ರೊಟ್ಟಿ ತಂದಳು. ಅವನು ಉಂಡ, ಒಲ್ಲೆ ಎಂದರೆ ಅದೂ ಒಂದು ಅವಮಾನವಾದೀತು ಎಂದು ಉಂಡ.

ತನ್ನ ಹುಟ್ಟೂರಲ್ಲಿ ಸ್ವಲ್ಪ ಕಬ್ಬಿನ ಹೊಲ ಇದ್ದುದರಿಂದ ಶಿದ್ರಾಮ ಸಕ್ಕರೆ ಕಾರ್ಖಾನೆಯ ಸದಸ್ಯ, ಅಂದರೆ ಸಭಾಸದನೂ ಆಗಿದ್ದ. ವಾರ್ಷಿಕ ಸಭೆ ಅದೇ ತಿಂಗಳಲ್ಲಿತ್ತು. ಕಾರ್ಖಾನೆಯ ಅಂಗಳದಲ್ಲಿ ಮಂಟಪ, ಸಾವಿರಾರು ಬಿಳಿ ಟೋಪಿಗಳು, ನಾಲ್ಕೂ ಕಡೆ ಧ್ವನಿವರ್ಧಕದ ಕರ್ಣೆಗಳು. ಸಭಾಸದರಲ್ಲದವರು ಹೊರಗೆ ಬೇವಿನ ಮರದ ಕೆಳಗೆ ಕೂತು ಕೇಳುತ್ತಿದ್ದರು. ಶಿದ್ರಾಮ ದಿಲೀಪನಿಗೆ ಹೇಳಿ ಅವನ ಅಜ್ಜನನ್ನೂ ಅಲ್ಲಿಗೆ ಕರೆತರಿಸಿದ್ದ. ಯಾಕೆ ಎಂದು ಇಬ್ಬರಿಗೂ ಹೇಳಿರಲಿಲ್ಲ.

ಸಭೆಯ ಕೊನೆಗೆ ಒಂದು ವಿಷಯ ಇರುವ ರೂಢಿ: ಅಧ್ಯಕ್ಷರ ಅಪ್ಪಣೆ ಪಡೆದು ಯಾವ ಸಭಾಸದನಾದರೂ ಎದ್ದು ಏನಾದರೂ ಕೇಳಬಹುದು. ಆ ಹೊತ್ತಿಗೆ ಜನ ಊಟದ ಕಡೆ ಕಣ್ಣಿಟ್ಟಿರುತ್ತಾರೆ; ಎದ್ದವನು ಕಬ್ಬಿನ ಕಡಿತದ ಪಾಳಿಯ ಬಗ್ಗೆ ಎರಡು ಮಾತು ಗೊಣಗಿ ಕೂಡುತ್ತಾನೆ. ಶಿದ್ರಾಮ ಕೈ ಎತ್ತಿದ. ಅವತ್ತು ವೇದಿಕೆಯ ಮೇಲೆ ಮೈಕು ಕೊಡುತ್ತಿದ್ದವರು ಬಾಪೂಸಾಹೇಬರೇ.

"ಬಾ ಶಿದ್ರಾಮ. ಕಬ್ಬಿನದೇನು?"

"ಕಬ್ಬಿನದಲ್ಲರಿ. ಗಾಡೀದು" ಎಂದ. ಮರಾಠಿಯಲ್ಲಿ ಶುರು ಮಾಡಿದವನು ಒಂದೇ ಮಾತಿಗೆ ಕನ್ನಡಕ್ಕೆ ಹೊರಳಿದ. "ಬೆಳ್ಳಿಹಬ್ಬದ ಓಟದಾಗ ನಮ್ಮ ಗಾಡಿ ಸೋತಾಗ, ಮಾವಾರು ಹಾಕಿದ ಭಂಡಾರದಿಂದ ಸೋತತು ಅಂತ ನಾ ಹೇಳಿದ್ದೆ. ಅದು ಸುಳ್ಳ. ಹೆಡ್ ನಾ ಕೆಡಿಸಿದ್ದೆ. ಭಂಡಾರದ್ದು ತಪ್ಪಿಲ್ಲ. ನನ್ನ ಮಾವಾರದ್ದು ತಪ್ಪಿಲ್ಲ."

ಹಿಂದಿನಿಂದ ಒಬ್ಬ ಕೂಗಿದ, "ಹಂಗಾರ ನಮ್ಮ ಸಕ್ಕರಿ ಇಳುವರಿ ಬಿದ್ದದ್ದೂ ನಿನ್ನ ಕೊರತದಿಂದೇನೋ ಶಿದ್ರಾಮ?" ಮಂಟಪವೆಲ್ಲ ಗೊಳ್ಳೆಂದು ನಕ್ಕಿತು. ಬಾಪೂಸಾಹೇಬರು ಮೈಕಿಗೆ ಕೈ ಚಾಚಿದರು. "ಆಯಿತು, ಆಯಿತು. ಇದು ಸಭೆಯ ವಿಷಯವಲ್ಲ."

ಆ ನಗೆಯಲ್ಲಿ ಇಳಿದು ಹೋಗಬಹುದಿತ್ತು. ಹೇಳಬೇಕಾದದ್ದು ಹೇಳಿ ಆಗಿತ್ತು, ಮುದುಕನಿಗೆ ಅಷ್ಟೇ ಬೇಕಿತ್ತು. ಆದರೆ ಮಂಟಪದ ಅಂಚಿನಲ್ಲಿ ದಿಲೀಪ ಬಂದು ನಿಂತದ್ದು ಶಿದ್ರಾಮನಿಗೆ ಕಂಡಿತು. ಮಗ ನಗುತ್ತಿರಲಿಲ್ಲ. ಶಿದ್ರಾಮ ಮೈಕು ಬಿಡಲಿಲ್ಲ.

"ಇನ್ನೊಂದ ಮಾತ್ರಿ. ಓಟಕ್ಕ ಮೊದಲ ನನಗ ಗೊತ್ತಿತ್ತು. ಮಗ ಬಂದು ಗಾಡಿ ಜಗ್ಗವಲ್ದು ಅಂದ. ಅಂವಂದು ಖರೇ ಇತ್ತು. ನಾ ಅಂವನ ಬಾಯಿ ಮುಚ್ಚಸಿದೆ. ಗೊತ್ತಿದ್ದೂ ಅದ ಗಾಡಿ ಮ್ಯಾಲ ಹತ್ತಿಸಿ ಕಳಿಸಿದೆ."

ಈ ಸಲ ಯಾರೂ ನಗಲಿಲ್ಲ. ನಕ್ಕಿದ್ದರೆ ಹಗುರವಾಗುತ್ತಿತ್ತು. ಟೋಪಿಗಳ ಸಾಲುಗಳ ನಡುವೆ ಅವನು ಹೊರಗೆ ನಡೆದ. ಜನ ಕಾಲು ಹಿಂದೆ ತೆಗೆದು ದಾರಿ ಬಿಟ್ಟರು. ಹೇಳಿದಮೇಲೆ ನಾಚಿಕೆ ಇಳಿಯುತ್ತದೆ ಎಂದು ಅವನು ತಿಳಿದಿದ್ದ. ಅದು ಇಳಿಯಲಿಲ್ಲ, ಇಷ್ಟು ದಿನ ಒಳಗಿದ್ದದ್ದು ಈಗ ಮೈಮೇಲೆ ಬಂದಿತ್ತು, ಅಷ್ಟೇ.

ಬೇವಿನ ಕೆಳಗೆ ಜ್ಯೋತೆಪ್ಪ ಎದ್ದು ನಿಂತಿದ್ದ. ಅಳಿಯನ ಮುಖ ನೋಡದೆ, "ನಾಳೆ ಕುರಿ ಹೊರಡಸ್ತೇವಿ. ಭಂಡಾರ ಹಾಕಾಕ ನಾ ಊರಿಗೆ ಹೋಗಬೇಕು. ಎಸ್.ಟಿ. ಸ್ಟ್ಯಾಂಡಿನ ತನಕ ಬಾ" ಎಂದ.

ದಿಲೀಪ ಹತ್ತಿರ ಬಂದ. ಬೂಟಿನ ತುದಿಯಿಂದ ಮಣ್ಣು ಕೆದರಿದ.

"ಅಪ್ಪಾ, ಆ ಹೆಡ್ ನನಗ ಕೊಡ್ರಿ. ಕೊಲ್ಲಾಪುರಕ್ಕ ಒಯ್ದು ತುಂಬಿಸಿಕೊಂಡ ಬರತೇನಿ. ಆಮ್ಯಾಲ ನಾ ಕೊರೀತೇನಿ." ಅಪ್ಪನ ಮುಖ ನೋಡಿ ಹೇಳಿದ, "ನೀವು ಅದಕ್ಕ ಕೈ ಹಚ್ಚಬ್ಯಾಡ್ರಿ."

ಮೊನ್ನೆಯಾಗಿದ್ದರೆ, ನನಗೆ ಕಲಿಸುತ್ತೀಯಾ ಎನ್ನುತ್ತಿದ್ದ. ಶಿದ್ರಾಮ ಸೊಂಟದಿಂದ ಶೆಡ್ಡಿನ ಕೀಲಿ ತೆಗೆದು ಮಗನ ಕೈಗೆ ಕೊಟ್ಟ.

"ಹೂಂ" ಎಂದ.

ಸಭೆ ಮುಗಿದು ಜನ ಗೇಟಿನ ಕಡೆ ಬರತೊಡಗಿದ್ದರು. ಹಿಂದಿನ ಕಬ್ಬಿನ ಗಾಡಿಗಳ ದಾರಿಯಿಂದ ಹೋದರೆ ಯಾರೂ ಕಾಣುತ್ತಿರಲಿಲ್ಲ. ಶಿದ್ರಾಮ ಆ ಕಡೆ ತಿರುಗಲಿಲ್ಲ. ತಲೆ ತಗ್ಗಿಸಿಕೊಂಡೇ, ಮಾವನ ಹಿಂದೆ, ಜನ ಇದ್ದ ದಾರಿಯಲ್ಲಿ ನಡೆದ.